ವಟಾವ್ ಎಂದರೆ ಅಪ್ಪನಿಗೆ ಅರ್ಥವಾಯಿತು

ಕ್ರೆಡಿಟ್ ಕಾರ್ಡಿನ ಷರತ್ತುಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಎರಡೇ ಬಗೆಯ ಜನ. ಅದನ್ನು ಬರೆದ ವಕೀಲರು ಮತ್ತು ಅದನ್ನು ಅನುವಾದಿಸುವ ನನ್ನಂಥವರು. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದ ಮೇಲೆ ದಹಿಸರ್ ಪೂರ್ವದ ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕಸುಬು. ಔಷಧದ ಪೊಟ್ಟಣದೊಳಗಿನ ಚೀಟಿ, ವಿಮೆಯ ಕರಪತ್ರ, ಬ್ಯಾಂಕಿನ ಷರತ್ತು, ಹೀಗೆ ಯಾವುದು ಬಂದರೆ ಅದು. ಕತೆ ಕಾದಂಬರಿ ಅನುವಾದಿಸಿದರೆ ಹೆಸರು ಬರುತ್ತದೆ, ಇದರಿಂದ ಮನೆಯ ಬಾಡಿಗೆ ಹುಟ್ಟುತ್ತದೆ.

ಇಂಥ ಕೆಲಸದಲ್ಲಿ ಪದಗಳ ಪಟ್ಟಿ ಮೊದಲೇ ಬಂದಿರುತ್ತದೆ. ಇಂಗ್ಲಿಷಿನ ಈ ಮಾತಿಗೆ ಕನ್ನಡದ ಈ ಮಾತೇ ಬರಬೇಕು, ಬದಲಾಯಿಸುವಂತಿಲ್ಲ. ಒಂದು ಕಾರ್ಡಿನ ಷರತ್ತುಗಳ ಜೊತೆ ಬಂದ ಪಟ್ಟಿಯಲ್ಲಿ ‘ವಿದೇಶಿ ಕರೆನ್ಸಿ ಪರಿವರ್ತನಾ ಮಾರ್ಕಪ್ ಶುಲ್ಕ’ ಎಂದಿತ್ತು. ಐದು ಪದ. ಅವುಗಳಲ್ಲಿ ಎರಡು ಇಂಗ್ಲಿಷಿನವು, ಮೂರು ಸಂಸ್ಕೃತದವು. ಓದುವವರಿಗೆ ಅರ್ಥವಾಗಬೇಕಾದ ‘ಮಾರ್ಕಪ್’ ಮಾತ್ರ ಇದ್ದಲ್ಲೇ ಇದ್ದ ಹಾಗೆ ಕೂತಿತ್ತು.

ಕಳೆದ ವರ್ಷ ಅಪ್ಪ ಅಮ್ಮ ದುಬೈಯಲ್ಲಿರುವ ತಂಗಿಯ ಮನೆಗೆ ಹದಿನೆಂಟು ದಿನಕ್ಕೆ ಹೊರಟರು. ಇಬ್ಬರಿಗೂ ಅದು ಮೊದಲ ವಿದೇಶ. ಅಪ್ಪ ಉಡುಪಿ ಕಡೆಯಿಂದ ಹುಡುಗನಾಗಿರುವಾಗಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರು. ಮುಂದೆ ಬೋರಿವಲಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತೊಂದು ವರ್ಷ ಕೂತರು. ಅವರ ಹಟ ಒಂದೇ: ಮಗಳ ಮನೆಯಲ್ಲಿ ಉಂಡರೂ, ಹೊರಗೆ ಖರ್ಚಾಗುವ ಹಣ ತನ್ನದೇ ಆಗಿರಬೇಕು. ಅದಕ್ಕೆಂದು ತೆಗೆದಿಟ್ಟ ಹಣವಿತ್ತು. ನನ್ನ ಕಾರ್ಡಿನ ಮೇಲೆ ಅವರ ಹೆಸರಿಗೊಂದು ಆಡ್-ಆನ್ ಕಾರ್ಡ್ ಮಾಡಿಸಿದೆವು. ಬಿಲ್ಲು ಬಂದಾಗ ಅವರು ನನಗೆ ಪೈಸೆ ಸಮೇತ ಕೊಡುವುದೆಂದು ಮಾತಾಯಿತು. ಕಾರ್ಡ್ ಕೈಗೆ ಬಂದ ದಿನ ಅವರು ತುಳುವಿನಲ್ಲಿ ಕೇಳಿದ್ದು ಇಷ್ಟೇ: “ಅಲ್ಲಿ ನೂರು ರೂಪಾಯಿಯದ್ದು ತಕೊಂಡರೆ ಇಲ್ಲಿ ಎಷ್ಟು ಕಡಿಯುತ್ತಾರೆ?”

ಷರತ್ತುಗಳ ನೂರಾರು ಸಾಲುಗಳಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಎಲ್ಲೂ ಇರಲಿಲ್ಲ. ಉತ್ತರದ ಬಿಡಿಭಾಗಗಳು ಮಾತ್ರ ಬೇರೆ ಬೇರೆ ಪುಟಗಳಲ್ಲಿ ಚೆಲ್ಲಿದ್ದವು. ಅವನ್ನು ಕೂಡಿಸಿ ಅಪ್ಪನಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ದಿರ್ಹಮ್‌ಗೆ 24 ರೂಪಾಯಿ ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ 500 ದಿರ್ಹಮ್ ಬಿಲ್ಲು, ಅಂದರೆ 12,000 ರೂಪಾಯಿ. ದಿರ್ಹಮ್ ನೇರವಾಗಿ ರೂಪಾಯಿಯಾಗುವುದಿಲ್ಲ. ನಮ್ಮ ಹಲವು ಕಾರ್ಡುಗಳ ಷರತ್ತಿನಂತೆ ಅದು ಮೊದಲು ಡಾಲರ್ ಆಗುತ್ತದೆ, ಆಮೇಲೆ ರೂಪಾಯಿ. ಈ ಕೆಲಸ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳದ್ದು. ದರವೂ ಅವರದ್ದೇ, ಅದೂ ಕಾರ್ಡ್ ಉಜ್ಜಿದ ದಿನದ್ದಲ್ಲ, ವ್ಯವಹಾರ ಅವರಲ್ಲಿ ಲೆಕ್ಕಕ್ಕೆ ಬಂದ ದಿನದ್ದು. ಹೀಗೆ ಬಂದ ರೂಪಾಯಿಯ ಮೇಲೆ ಕಾರ್ಡ್ ಕೊಟ್ಟ ಬ್ಯಾಂಕು ತನ್ನ ಮಾರ್ಕಪ್ ಸೇರಿಸುತ್ತದೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಶೇಕಡ 2ರಿಂದ 3.5. ಶೇ. 3.5 ಎಂದರೆ 420 ರೂಪಾಯಿ. ಆ 420ರ ಮೇಲೆ ಶೇ. 18 ಜಿಎಸ್‌ಟಿ, 75 ರೂಪಾಯಿ 60 ಪೈಸೆ. ಕೊನೆಗೆ 12,000ದ ಸಾಮಾನಿಗೆ 12,495 ರೂಪಾಯಿ 60 ಪೈಸೆ. ಕಾಗದದ ಮೇಲೆ ಶೇ. 3.5 ಎಂದಿದ್ದದ್ದು ಕೈಯಿಂದ ಹೋಗುವಾಗ ಶೇ. 4.13 ಆಗಿರುತ್ತದೆ.

ಅಪ್ಪ ಈ ಲೆಕ್ಕ ಕೇಳಿ ಒಂದು ಕ್ಷಣ ಸುಮ್ಮನಿದ್ದು, “ವಟಾವ್ ಅನ್ನು ಮತ್ತೆ” ಎಂದರು.

ವಟಾವ್ ಮರಾಠಿಯ ಮಾತು. ನಾಣ್ಯವನ್ನೋ ಹುಂಡಿಯನ್ನೋ ಬದಲಾಯಿಸಿ ಕೊಡುವವನು ಮುರಿದುಕೊಳ್ಳುವ ಪಾಲು ಅದು. ಅಪ್ಪನಿಗೆ ಅದು ಗಲ್ಲಾದಲ್ಲಿ ಕೂತು ಕಲಿತ ವಿದ್ಯೆ. ಮುಂಬಯಿಯಲ್ಲಿ ಚಿಲ್ಲರೆಗೆ ಬರಗಾಲ ಬಂದಾಗ ಹೋಟೆಲಿನವರು ನಾಣ್ಯಗಳನ್ನು ಕೊಂಡು ತರುತ್ತಿದ್ದರು. ನೂರು ರೂಪಾಯಿಯ ನಾಣ್ಯಕ್ಕೆ ನೂರಹತ್ತು ಕೊಟ್ಟದ್ದೂ ಉಂಟು ಎನ್ನುತ್ತಾರೆ ಅವರು. ಹರಿದ ನೋಟು ಬದಲಾಯಿಸಿಕೊಡುವವನೂ ತನ್ನ ಪಾಲು ಮುರಿದುಕೊಳ್ಳುತ್ತಿದ್ದ. ಹಣವನ್ನು ಹಣದಿಂದಲೇ ಕೊಳ್ಳಬೇಕಾಗುತ್ತದೆ ಎಂಬುದು ಅವರಿಗೆ ಹೊಸದಲ್ಲ.

ನನ್ನ ಕುತೂಹಲ ಪದದ ಕಡೆ ಹೋಯಿತು. ಮರಾಠಿಯಲ್ಲಿ ಇವತ್ತಿಗೂ ಚೆಕ್ಕು ನಗದಾದರೆ ‘ಚೆಕ್ ವಟಲಾ’ ಎನ್ನುತ್ತಾರೆ. ಹಿಂದಿಯಲ್ಲಿ ಬಟ್ಟಾ. ತಮಿಳಿನಲ್ಲಿ ವಟ್ಟಂ. ಕನ್ನಡದ ನಿಘಂಟುಗಳಲ್ಲೂ ವಟ್ಟ ಇದೆ, ನಾಣ್ಯ ವಿನಿಮಯದಲ್ಲಿ ತೆರಬೇಕಾದ ವ್ಯತ್ಯಾಸದ ಹಣ ಎಂಬ ಅರ್ಥದಲ್ಲಿ. ಇಂಡಿಯಾದ ಇಂಗ್ಲಿಷರ ಮಾತುಗಳನ್ನು ಕೂಡಿಹಾಕಿದ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲೂ ಬಟ್ಟಾ ಇದೆ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ಒಂದೇ ಬಗೆಯ ರೂಪಾಯಿಯನ್ನು ಟಂಕಿಸುವ ಮೊದಲು ಸೀಮೆಗೊಂದು ರೂಪಾಯಿ ಇತ್ತು. ಒಂದು ಸೀಮೆಯ ರೂಪಾಯಿ ಇನ್ನೊಂದರಲ್ಲಿ ನಡೆಯಬೇಕಾದರೆ ಸರಾಫನ ಕಟ್ಟೆಗೆ ಹೋಗಿ ವಟ್ಟ ಕೊಡಬೇಕಿತ್ತು. ಹಿಂದಿಯಲ್ಲಿ ಹೆಸರಿಗೆ ಕಳಂಕ ಬಂದರೆ ‘ಬಟ್ಟಾ ಲಗ್‌ನಾ’ ಎನ್ನುವುದೂ ಇದರ ಜೊತೆಯದೇ ಮಾತು. ಬೆಲೆಯಲ್ಲಿ ಕಡಿತವಾಯಿತು ಎಂಬ ಭಾವ ಅದರಲ್ಲಿದೆ.

ಅಂದರೆ ಮಾರ್ಕಪ್ ಎಂಬ ಹೊಸ ಮಾತಿನ ಕೆಳಗಿರುವ ವ್ಯವಹಾರ ನಮ್ಮ ಪೇಟೆಗಳಷ್ಟೇ ಹಳೆಯದು. ಅದಕ್ಕೆ ನಮ್ಮ ಭಾಷೆಗಳಲ್ಲಿ ಒಂದೇ ಉಸಿರಿನ ಪದವಿತ್ತು. ಆ ಪದವನ್ನು ಬಿಟ್ಟು ಐದು ಪದಗಳ ಸಾಲು ಕಟ್ಟಿದ ಕೂಡಲೇ, ಮೂವತ್ತೊಂದು ವರ್ಷ ಹಣ ಎಣಿಸಿದ ಮನುಷ್ಯನೂ ತನಗೆ ಬ್ಯಾಂಕಿನ ವಿಷಯ ತಿಳಿಯುವುದಿಲ್ಲ ಎಂದುಕೊಳ್ಳುತ್ತಾನೆ. ನನಗೆ ಸಿಟ್ಟು ಬಂದದ್ದು ಶುಲ್ಕದ ಮೇಲಲ್ಲ, ಇದರ ಮೇಲೆ.

ದುಬೈ ಎಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ಕರಾವಳಿಯ ನಮ್ಮವರಲ್ಲಿ ಹಿಂದಿನ ತಲೆಮಾರಿನವರು ಕೊಲ್ಲಿಗೆ ಹೋದ ಕಾಲದಲ್ಲಿ ಅಲ್ಲಿ ನಡೆಯುತ್ತಿದ್ದದ್ದು ನಮ್ಮದೇ ರೂಪಾಯಿ. ಆ ದಾರಿಯಲ್ಲಿ ಚಿನ್ನದ ಕಳ್ಳಸಾಗಣೆ ಹೆಚ್ಚಿ ನಮ್ಮ ವಿದೇಶಿ ವಿನಿಮಯ ಸೋರಿಹೋಗತೊಡಗಿದಾಗ, 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ‘ಗಲ್ಫ್ ರುಪೀ’ ಎಂದು ಅದರ ಹೆಸರು. ಮೌಲ್ಯ ಮಾತ್ರ ನಮ್ಮ ರೂಪಾಯಿಗೆ ಸಮ. 1966ರ ಜೂನ್ 6ರಂದು ಭಾರತ ಒಂದು ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿತು. ತಮ್ಮದಲ್ಲದ ನಿರ್ಧಾರದಿಂದ ತಮ್ಮ ಹಣದ ಬೆಲೆ ಇಳಿದದ್ದನ್ನು ಕಂಡು ದುಬೈಯಂಥ ಸಂಸ್ಥಾನಗಳು ರೂಪಾಯಿಯನ್ನು ಕೈಬಿಟ್ಟವು. 1973ರಲ್ಲಿ ದಿರ್ಹಮ್ ಬಂತು. 1997ರಿಂದ ಅದು ಡಾಲರಿಗೆ 3.6725ರ ದರದಲ್ಲಿ ಗಂಟುಬಿದ್ದಿದೆ. ಹೀಗೆ ಒಂದು ಕಾಲದಲ್ಲಿ ವಟ್ಟವೇ ಬೇಕಿಲ್ಲದ ದಾರಿಯಲ್ಲಿ ಈಗ ಡಾಲರಿನ ಸೇತುವೆ ದಾಟಿ ಹೋಗಬೇಕು.

ನಾನಿರುವ ದಹಿಸರ್‌ನವರಿಗೆ ಗಡಿಯ ಹಣ ಚೆನ್ನಾಗಿ ಗೊತ್ತು. ಮುಂಬಯಿ ಉತ್ತರಕ್ಕೆ ಮುಗಿಯುವುದು ಇಲ್ಲಿಯೇ. ಇಲ್ಲಿನ ನಾಕಾದಲ್ಲಿ ಊರೊಳಗೆ ಬರುವ ಸರಕಿಗೆ ಜಕಾತಿ ವಸೂಲಾಗುತ್ತಿತ್ತು, 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದು ನಿಂತಿತು. ಕಾರುಗಳ ಟೋಲ್ 2024ರ ಅಕ್ಟೋಬರ್‌ನಲ್ಲಿ ನಿಂತಿತು. ಟೋಲ್ ಬಗ್ಗೆ ಈ ಊರಿನವರ ಗೊಣಗಾಟ ಏನೇ ಇರಲಿ, ಯಾವ ಗಾಡಿಗೆ ಎಷ್ಟು ಎಂಬ ಬೋರ್ಡು ಅಲ್ಲಿ ಇರುತ್ತಿತ್ತು, ಕೊಟ್ಟ ಹಣಕ್ಕೆ ಚೀಟಿ ಸಿಗುತ್ತಿತ್ತು. ಕಾರ್ಡಿನ ಗಡಿಯಲ್ಲಿ ಆ ಬೋರ್ಡು ಕಾಣಿಸುವುದಿಲ್ಲ. ಅಲ್ಲಿ ಕಾಣಿಸುವುದು ಬೇರೆಯೇ.

ದುಬೈಗೆ ಹೋದ ನಾಲ್ಕನೇ ದಿನ ತಂಗಿ ಒಂದು ಫೋಟೋ ಕಳಿಸಿದಳು. ಅಂಗಡಿಯ ಕಾರ್ಡ್ ಮೆಷಿನ್ನಿನ ಪರದೆ. ದಿರ್ಹಮ್‌ನಲ್ಲಿ ಕೊಡುತ್ತೀರೋ ರೂಪಾಯಿಯಲ್ಲಿ ಕೊಡುತ್ತೀರೋ ಎಂದು ಅದು ಕೇಳುತ್ತಿತ್ತು. ಅಂಗಡಿಯ ಹುಡುಗ ರೂಪಾಯಿಯೇ ಒಳ್ಳೆಯದು, ಎಷ್ಟಾಯಿತೆಂದು ಈಗಲೇ ಗೊತ್ತಾಗುತ್ತದೆ ಎಂದನಂತೆ. ಅಪ್ಪ ಪರದೆಯ ಮೇಲಿದ್ದ ರೂಪಾಯಿಯನ್ನು ದಿರ್ಹಮ್‌ನಿಂದ ಬಾಯಲ್ಲೇ ಭಾಗಿಸಿ, ಬೆಳಿಗ್ಗೆ ನೋಡಿದ ದರಕ್ಕಿಂತ ಇದು ಹೆಚ್ಚು ಎಂದು ಹಿಡಿದು, ದಿರ್ಹಮ್ ಒತ್ತಿದರು.

ಆ ಹುಡುಗ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ರೂಪಾಯಿ ಆರಿಸಿದರೆ ಮೊತ್ತ ಅಲ್ಲೇ ಗೊತ್ತಾಗುತ್ತದೆ. ಆದರೆ ಆಗ ಬದಲಾಯಿಸಿ ಕೊಡುವವರು ಅಂಗಡಿಯ ಕಡೆಯವರು, ದರ ಅವರದ್ದು, ಅದರಲ್ಲಿ ಅವರ ವಟ್ಟವೂ ಅಡಗಿರುತ್ತದೆ. ಅದು ಶೇ. 5 ಎಂದುಕೊಂಡರೆ ನಮ್ಮ 12,000 ಅಲ್ಲೇ 12,600 ಆಯಿತು. ಇಷ್ಟಕ್ಕೆ ಮುಗಿಯಲಿಲ್ಲ. ರೂಪಾಯಿಯಲ್ಲೇ ಕೊಟ್ಟರೂ ಅಂಗಡಿ ವಿದೇಶದ್ದು ಎಂಬ ಕಾರಣಕ್ಕೆ ನಮ್ಮ ಹಲವು ಬ್ಯಾಂಕುಗಳು ಮತ್ತೊಂದು ಶುಲ್ಕ ಹಾಕುತ್ತವೆ. ಶೇ. 1 ಎಂದರೂ ಜಿಎಸ್‌ಟಿ ಸೇರಿ 148 ರೂಪಾಯಿ 68 ಪೈಸೆ. ಒಟ್ಟು 12,748 ರೂಪಾಯಿ 68 ಪೈಸೆ. ನಮ್ಮ ರೂಪಾಯಿಯ ಗುರುತು ಕಂಡು ನಂಬಿದ್ದಕ್ಕೆ 250 ರೂಪಾಯಿಗೂ ಹೆಚ್ಚು ಬೆಲೆ. ಆಯ್ಕೆ ಗ್ರಾಹಕನದ್ದೇ ಆಗಿರಬೇಕೆಂದು ಕಾರ್ಡ್ ಜಾಲಗಳ ನಿಯಮವಿದೆ. ಹಾಗಾಗಿ ಅಂಗಡಿಯವರು ತಾವೇ ರೂಪಾಯಿ ಒತ್ತಿಬಿಟ್ಟರೆ ರದ್ದು ಮಾಡಿಸಿ ಮತ್ತೆ ಉಜ್ಜಲು ಹೇಳಬಹುದು. ನೆನಪಿಡಬೇಕಾದ ಸೂತ್ರ ಸಣ್ಣದು: ಯಾವ ಊರಿನಲ್ಲಿದ್ದೀರೋ ಆ ಊರಿನ ಹಣವನ್ನೇ ಒತ್ತಿ.

ಇದೇ ಶುಲ್ಕ ಮನೆಯಲ್ಲಿ ಕೂತವರನ್ನೂ ಬಿಡುವುದಿಲ್ಲ. ನಾನು ಬಳಸುವ ಅನುವಾದದ ತಂತ್ರಾಂಶಕ್ಕೆ ಬೆಲೆ ರೂಪಾಯಿಯಲ್ಲೇ ಇದ್ದರೂ, ಮಾರುವ ಕಂಪನಿ ಹೊರದೇಶದ್ದಾದ್ದರಿಂದ ಬಿಲ್ಲಿನಲ್ಲಿ ಆ ಹೆಚ್ಚಿನ ಸಾಲು ಕಾಣಿಸುತ್ತದೆ. ದಹಿಸರ್ ಬಿಟ್ಟು ಕದಲದೆ ನಾನು ತಿಂಗಳಿಗೊಮ್ಮೆ ವಿದೇಶ ಪ್ರವಾಸ ಮಾಡುತ್ತೇನೆ.

ಎಲ್ಲಕ್ಕಿಂತ ದುಬಾರಿಯಾದದ್ದು ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದು. 1,000 ದಿರ್ಹಮ್ ತೆಗೆದಿರೆನ್ನಿ, 24,000 ರೂಪಾಯಿ. ಮಾರ್ಕಪ್ ಜಿಎಸ್‌ಟಿ ಸೇರಿ 991 ರೂಪಾಯಿ 20 ಪೈಸೆ. ನಗದು ತೆಗೆದದ್ದಕ್ಕೆ ಶೇ. 2.5 ಶುಲ್ಕವಿದ್ದರೆ ಜಿಎಸ್‌ಟಿ ಸೇರಿ 708. ಸಾಮಾನು ಕೊಂಡಾಗ ಸಿಗುವ ಬಡ್ಡಿಯಿಲ್ಲದ ದಿನಗಳು ನಗದಿಗೆ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ. ತಿಂಗಳಿಗೆ ಶೇ. 3.5 ಎಂದರೆ 840, ಅದರ ಮೇಲೂ ಜಿಎಸ್‌ಟಿ 151 ರೂಪಾಯಿ 20 ಪೈಸೆ. ಒಂದು ತಿಂಗಳಿಗೆ ಒಟ್ಟು 2,690 ರೂಪಾಯಿ 40 ಪೈಸೆ, ಅಂದರೆ ಶೇ. 11ಕ್ಕೂ ಮೇಲೆ. ಎಟಿಎಂನವರು ಹಾಕುವ ಶುಲ್ಕ ಬೇರೆ. ಅಪ್ಪ ಸಣ್ಣ ಖರ್ಚಿಗೆಂದು ಇಲ್ಲಿಂದಲೇ ಒಂದಷ್ಟು ದಿರ್ಹಮ್ ಕೊಂಡು ಹೋಗಿದ್ದರು.

ಅವರನ್ನು ಹೆಚ್ಚು ಕಾಡಿದ್ದು ಇನ್ನೊಂದು ಗಾಳಿಮಾತು: ಹೊರದೇಶದಲ್ಲಿ ಕಾರ್ಡ್ ಉಜ್ಜಿದರೆ ಸರ್ಕಾರ ಶೇ. 20 ತೆರಿಗೆ ಹಿಡಿಯುತ್ತದೆ ಎಂದು ಕಟ್ಟಡದಲ್ಲಿ ಯಾರೋ ಹೇಳಿದ್ದರು. ಇದಕ್ಕೆ ಬುಡ ಇಲ್ಲದಿಲ್ಲ. 2023ರ ಮೇ 16ರಂದು ಕೇಂದ್ರ ಸರ್ಕಾರ ವಿದೇಶದಲ್ಲಿ ಮಾಡುವ ಕ್ರೆಡಿಟ್ ಕಾರ್ಡ್ ಖರ್ಚನ್ನು, ಹೊರದೇಶಕ್ಕೆ ಹಣ ಕಳಿಸುವ ಎಲ್‌ಆರ್‌ಎಸ್ ಯೋಜನೆಯೊಳಗೆ ತಂದಿತು. ಜನ ಗದ್ದಲವೆಬ್ಬಿಸಿದರು. ಜೂನ್ 28ಕ್ಕೆ ಅದನ್ನು ಮುಂದೂಡಲಾಯಿತು, ಆ ಖರ್ಚು ಈಗಲೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಫಾರೆಕ್ಸ್ ಕಾರ್ಡಿಗೆ ಹಣ ತುಂಬಿದರೆ, ಹೊರಗೆ ಹಣ ಕಳಿಸಿದರೆ ಸೇರುತ್ತದೆ. ಅದಕ್ಕೂ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿಯವರೆಗೆ ಈ ಹಿಡಿತವಿಲ್ಲ. ಹಿಡಿದದ್ದೂ ಆದಾಯ ತೆರಿಗೆಯ ಲೆಕ್ಕದಲ್ಲಿ ವಜಾ ಆಗುತ್ತದೆ. ಇಷ್ಟು ತಿಳಿದ ಮೇಲೆ ಅಪ್ಪನ ಮುಖ ಸಡಿಲವಾಯಿತು.

ಹೊರಡುವ ಮೊದಲು ಮಾಡಬೇಕಾದ ಕೆಲಸ ಹೆಚ್ಚಿಲ್ಲ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಮುಚ್ಚಿಯೇ ಬರುತ್ತದೆ. ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಹಾಕಿ, ಹಿಂದೆ ಬಂದ ಮೇಲೆ ಮತ್ತೆ ಮುಚ್ಚಬೇಕು. ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ. ಅವುಗಳ ವಾರ್ಷಿಕ ಶುಲ್ಕವನ್ನು ನಿಮ್ಮ ಖರ್ಚಿನ ಶೇ. 4.13ರ ಪಕ್ಕ ಇಟ್ಟು ನೋಡಿ. ಕೊಂಡದ್ದನ್ನು ಮರಳಿಸಿದರೆ ಹಣ ಅವತ್ತಿನ ದರದಲ್ಲಿ ಬರುತ್ತದೆ, ಕೊಟ್ಟ ಮಾರ್ಕಪ್ ಸಾಮಾನ್ಯವಾಗಿ ಬರುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ಉಳಿದದ್ದು ಭಾಷೆಯ ಮಾತು. ಕಾರ್ಡಿನ ಷರತ್ತುಗಳು ಸರಳವಾದ ಮಾತಿನಲ್ಲಿ, ಸಾಧ್ಯವಾದಷ್ಟು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ, ಕಾರ್ಡು ಹಿಡಿದವನಿಗೆ ಅರ್ಥವಾಗುವಂತೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನ ನಿರ್ದೇಶನದಲ್ಲಿ ಹೇಳಿದೆ. ದಹಿಸರ್‌ನಲ್ಲಿ ಸ್ಥಳೀಯ ಭಾಷೆ ಮರಾಠಿ. ಮನೆಯಲ್ಲಿ ತುಳು ಆಡಿ, ಕನ್ನಡ ಓದಿ, ಮರಾಠಿಯಲ್ಲಿ ತರಕಾರಿ ಕೊಳ್ಳುವ ಅಪ್ಪನಂಥವರಿಗೆ ಯಾವ ಭಾಷೆ ಎಂಬುದಕ್ಕಿಂತ ‘ಅರ್ಥವಾಗುವಂತೆ’ ಎಂಬ ಮಾತೇ ದೊಡ್ಡದು. ಪದಪಟ್ಟಿಯ ಕನ್ನಡ ಅವರಿಗೆ ಅರ್ಥವಾಗಲಿಲ್ಲ, ಮರಾಠಿಯ ವಟಾವ್ ಅರ್ಥವಾಯಿತು. ವಟ್ಟ ಎಂಬ ಪದ ಇವತ್ತಿನ ಹುಡುಗರಿಗೆ ಹೊಸದಾಗಿ ಕಾಣಬಹುದು, ಅದನ್ನೇ ಎಲ್ಲ ಕಡೆ ಹಾಕಿ ಎಂದು ನಾನು ಹಟ ಹಿಡಿಯುವುದಿಲ್ಲ. ಪದ ಯಾವುದಾದರೂ ಇರಲಿ, ವಾಕ್ಯ ಹೀಗಿರಲಿ: ‘ನೀವು ವಿದೇಶದಲ್ಲಿ 100 ರೂಪಾಯಿಯ ಸಾಮಾನು ಕೊಂಡರೆ ನಮಗೆ 104 ರೂಪಾಯಿ 13 ಪೈಸೆ ಕೊಡಬೇಕು.’

ಪದಕ್ಕೆ ಇಷ್ಟೆಂದು ಹಣ ಪಡೆಯುವ ನನಗೆ ಇಂಥ ಚಿಕ್ಕ ವಾಕ್ಯದಿಂದ ನಷ್ಟವೇ. ಆದರೂ ಅದನ್ನು ಈಗ ಪ್ರತಿ ಕೆಲಸದ ಜೊತೆ ಟಿಪ್ಪಣಿಯಾಗಿ ಬರೆದು ಕಳಿಸುತ್ತಿದ್ದೇನೆ. ಇದುವರೆಗೆ ಒಬ್ಬರೂ ಒಪ್ಪಿಲ್ಲ. ನೀವೂ ನಿಮ್ಮ ಬ್ಯಾಂಕಿಗೆ ಅಪ್ಪನ ಪ್ರಶ್ನೆಯನ್ನು ನಿಮ್ಮ ಭಾಷೆಯಲ್ಲೇ ಕೇಳಿ ನೋಡಿ. ಉತ್ತರ ಒಂದು ಅಂಕಿಯಲ್ಲಿ ಬರುವವರೆಗೆ ಬಿಡಬೇಡಿ.