ಅದು ಮೀನಿನ ಮೊಟ್ಟೆಯಲ್ಲ

ಕಳೆದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದೆವು. ಪಿಯುಸಿ ಓದುತ್ತಿರುವ ಮಗಳು ಮೊಬೈಲ್ ಹಿಡಿದುಕೊಂಡು ಬಂದು, "ಅಮ್ಮೀ, ಇಲ್ನೋಡಿ, ಜಪಾನಿನವರು ಏನು ತಿಂತಾರೆ ಅಂತ" ಎಂದಳು. ಮೈತುಂಬ ಮುಳ್ಳಿದ್ದ ಕಪ್ಪು ಚೆಂಡಿನಂಥ ಜೀವಿಯನ್ನು ಒಬ್ಬಾತ ಕತ್ತರಿಯಿಂದ ಕತ್ತರಿಸುತ್ತಿದ್ದ. ಒಳಗೆ ಹೂವಿನ ಎಸಳುಗಳಂತೆ ಐದು ಹೊಂಬಣ್ಣದ ಪಟ್ಟಿಗಳಿದ್ದವು. ಅದನ್ನು ಚಮಚದಲ್ಲಿ ಎತ್ತಿ ಹಸಿಯಾಗಿಯೇ ಬಾಯಿಗಿಟ್ಟುಕೊಂಡ.

"ಇದಕ್ಕೆ ಸೀ ಅರ್ಚಿನ್ ಅಂತಾರೆ. ಜಪಾನಿನಲ್ಲಿ ಉನಿ ಅಂತ ಹೆಸರು. ಇಟಲಿಯ ಸಿಸಿಲಿಯಲ್ಲಿ ಬ್ರೆಡ್ಡಿನ ಜೊತೆ ತಿಂತಾರಂತೆ. ಕೊಳ್ಳುವಾಗ ಮುಳ್ಳು ಅಲ್ಲಾಡ್ತಾ ಇರಬೇಕಂತೆ, ಅಂದರೆ ಜೀವ ಇದೆ ಅಂತ ಅರ್ಥ" ಎಂದು ಮಗಳು ವಿವರಿಸಿದಳು.

ಮಂಚದ ಮೇಲೆ ತಸ್ಬೀಹ್ ಹಿಡಿದು ಕುಳಿತಿದ್ದ ನನ್ನ ಅತ್ತೆ ಕನ್ನಡಕ ಸರಿಪಡಿಸಿಕೊಂಡು ನೋಡಿ, "ಇದೂ ಮೀನ ಏನ?" ಎಂದರು.

"ಇಲ್ಲ ದಾದಿ, ಮೀನಲ್ಲ. ಆ ಹಳದಿಯದನ್ನ ಎಲ್ಲರೂ ಮೊಟ್ಟೆ ಅಂತಾರೆ. ಆದರೆ ನಿಜವಾಗಿ ಅದು ಮೊಟ್ಟೆ ಅಲ್ಲ, ಸಂತಾನೋತ್ಪತ್ತಿಯ ಅಂಗ. ಗಂಡಿನಲ್ಲೂ ಇರುತ್ತೆ, ಹೆಣ್ಣಿನಲ್ಲೂ ಇರುತ್ತೆ. ಸುಮ್ಮನೆ ಮೊಟ್ಟೆ ಅಂತ ಹೆಸರಿಟ್ಟಿದಾರೆ" ಎಂದು ಅವಳು ನಕ್ಕಳು.

ಅತ್ತೆ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿದೆ. ನಮ್ಮಿಬ್ಬರ ನಡುವೆ ಇಪ್ಪತ್ತು ವರ್ಷಗಳ ಹಿಂದೆ ನಡೆದ ಸಂಗತಿಯೊಂದು ಇಬ್ಬರಿಗೂ ಒಮ್ಮೆಲೇ ನೆನಪಾಗಿತ್ತು.

ನನ್ನ ತವರು ಮಂಗಳೂರಿನ ಪಕ್ಕದ ಉಳ್ಳಾಲ. ಒಂದು ಕಡೆ ಕಡಲು, ಇನ್ನೊಂದು ಕಡೆ ನೇತ್ರಾವತಿ. ನದಿ ಕಡಲು ಸೇರುವ ಅಳಿವೆಯಲ್ಲಿ ನೀರು ಇಳಿದಾಗ ಮರಳಿನಿಂದ ಮರುವಾಯಿ ಹೆಕ್ಕುತ್ತಾರೆ. ಮರುವಾಯಿ ಎಂದರೆ ಕಪ್ಪೆಚಿಪ್ಪಿನೊಳಗಿನ ಮೆತ್ತನೆಯ ಜೀವಿ. ಉತ್ತರ ಕನ್ನಡದವರು ಇದನ್ನೇ ಬೆಳಚು ಎನ್ನುತ್ತಾರೆ. ಕುಮಟಾದ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತಲ್ಲ, ಅಲ್ಲಿಯೂ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವ ಹೆಂಗಸರಿದ್ದಾರೆ.

ನಮ್ಮ ಮನೆಗೆ ಮರುವಾಯಿ ತರುತ್ತಿದ್ದ ಹೆಂಗಸು ಅದನ್ನು ತೂಕಕ್ಕೆ ಕೊಡುತ್ತಿರಲಿಲ್ಲ, ನೂರರ ಲೆಕ್ಕದಲ್ಲಿ ಎಣಿಸಿ ಕೊಡುತ್ತಿದ್ದಳು. ಉಮ್ಮ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದನ್ನೂ ನೋಡುತ್ತಿದ್ದರು. ಚಿಪ್ಪು ಬಿಗಿಯಾಗಿ ಮುಚ್ಚಿರಬೇಕು. ಸ್ವಲ್ಪ ತೆರೆದಿದ್ದರೆ ಬೆರಳಿನಿಂದ ತಟ್ಟಬೇಕು. ಮುಚ್ಚಿಕೊಂಡರೆ ಜೀವ ಇದೆ, ಮುಚ್ಚಿಕೊಳ್ಳದಿದ್ದರೆ ಎಸೆಯಬೇಕು. ಬೇಯಿಸಿದ ಮೇಲೆ ಲೆಕ್ಕ ತಿರುವುಮುರುವು. ಆಗ ತೆರೆದುಕೊಳ್ಳದ್ದನ್ನು ತಿನ್ನಬಾರದು. ಒಳಗಿನ ಮರಳು ಹೋಗಲು ಕೆಲವು ಗಂಟೆ ಉಪ್ಪುನೀರಿನಲ್ಲಿ ಇಡಬೇಕು. ಆಮೇಲೆ ಅಕ್ಕಿ ರುಬ್ಬಿ ನೆಲ್ಲಿಕಾಯಿಗಿಂತ ಚಿಕ್ಕ ಪುಂಡಿ ಕಟ್ಟಿ, ಹೆಬ್ಬೆರಳಿನಿಂದ ನಡುವೆ ಒತ್ತಿ, ಹಬೆಯಲ್ಲಿ ಬೇಯಿಸಿ, ತೆಂಗಿನಕಾಯಿ ಮಸಾಲೆಯ ಜೊತೆ ಮರುವಾಯಿಗೆ ಸೇರಿಸುವುದು. ಆ ಮಸಾಲೆಯ ಕೆಂಪು ಬಣ್ಣಕ್ಕೆ ಉಮ್ಮನಿಗೆ ಬ್ಯಾಡಗಿ ಮೆಣಸೇ ಆಗಬೇಕಿತ್ತು. "ಖಾರ ಕಡಿಮೆ, ಬಣ್ಣ ಜಾಸ್ತಿ. ಸೊಸೆ ಹಾಗಿರಬೇಕು" ಎಂದು ನಗುತ್ತಿದ್ದರು.

2003ರಲ್ಲಿ ನನ್ನ ಮದುವೆಯಾದದ್ದು ಆ ಬ್ಯಾಡಗಿಯ ಪಕ್ಕದ ರಾಣೆಬೆನ್ನೂರಿಗೆ! ಹತ್ತಿ, ಬೀಜ, ಮೆಕ್ಕೆಜೋಳದ ಊರು. ಮೀನಿಗೆ ಕೊರತೆಯಿರಲಿಲ್ಲ. ತುಂಗಭದ್ರೆಯ ಮೀನು ಸಿಗುತ್ತಿತ್ತು, ಕೆರೆಯ ಕಟ್ಲಾ, ರೋಹು ಸಿಗುತ್ತಿತ್ತು, ಕರಾವಳಿಯಿಂದ ಐಸಿನ ಪೆಟ್ಟಿಗೆಗಳಲ್ಲಿ ಬಂಗುಡೆಯೂ ಬರುತ್ತಿತ್ತು. ಆದರೆ ಮರುವಾಯಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಮದುವೆಯಾದ ಮೊದಲ ಚಳಿಗಾಲದಲ್ಲಿ ನನ್ನ ತಮ್ಮ ಒದ್ದೆ ಗೋಣಿಚೀಲದಲ್ಲಿ ಇನ್ನೂರು ಮರುವಾಯಿ ಕಟ್ಟಿಕೊಂಡು ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ ಬಂದ. ಚೀಲ ಒದ್ದೆಯಾಗಿ ತಂಪಾಗಿದ್ದರೆ ಒಂದು ರಾತ್ರಿ ಅವು ಸಾಯುವುದಿಲ್ಲ. ನಾನು ಖುಷಿಯಿಂದ ಅಡುಗೆಮನೆಯಲ್ಲಿ ಚೀಲ ಬಿಚ್ಚಿದೆ. ಅತ್ತೆ ಬಗ್ಗಿ ನೋಡಿದರು.

"ಇವೇನ ಮಗಳ, ಕಲ್ಲ ತಂದಾನ ನಿನ್ನ ತಮ್ಮ?"

ಒಳಗೆ ಇರುವುದನ್ನು ಬಿಡಿಸಿ ತೋರಿಸಿದೆ. ಅವರ ಮುಖ ಬದಲಾಯಿತು. "ಇದು ಮೀನಲ್ಲವಲ್ಲ. ನಮ್ಮ ಮಂದ್ಯಾಗ ಇದನ್ನ ತಿನ್ನಂಗಿಲ್ಲ. ನೀ ತಿನ್ನ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಬೋಗಾಣ್ಯಾಗ ಮಾಡಬ್ಯಾಡ" ಎಂದರು.

ಅಂದಿನವರೆಗೆ ನನಗೆ ಶಾಫಿ, ಹನಫಿ ಎಂದರೆ ನಮಾಝಿನಲ್ಲಿ ಕೈ ಕಟ್ಟುವ, ಕೈ ಎತ್ತುವ ವ್ಯತ್ಯಾಸವೆಂದಷ್ಟೇ ಗೊತ್ತಿತ್ತು. ಅದು ಅಡುಗೆಯ ಪಾತ್ರೆಯವರೆಗೂ ಬರುತ್ತದೆಂದು ತಿಳಿದಿರಲಿಲ್ಲ. ತಮ್ಮನ ಎದುರಿಗೇ ಅವಮಾನವಾದಂತಾಯಿತು. ಉಮ್ಮ ನನಗೆ ಹುಟ್ಟಿದಂದಿನಿಂದ ಉಣಿಸಿದ್ದು ಹಾಗಾದರೆ ಏನು ಎಂದು ಮನಸ್ಸು ಕುದಿಯಿತು. ಆ ದಿನ ಹಿತ್ತಲಲ್ಲಿ ಕಲ್ಲಿನ ಒಲೆ ಹೂಡಿ, ಹಳೆಯ ಡಬ್ಬಿಯೊಂದರಲ್ಲಿ ಬೇಯಿಸಿ, ತಮ್ಮನೂ ನಾನೂ ಮಾತಿಲ್ಲದೆ ತಿಂದೆವು.

ಆ ಸಿಟ್ಟು ಹೋಗಲಿಲ್ಲ. ಮರುವರ್ಷ ಮತ್ತೆ ಮರುವಾಯಿ ಬಂತು. ಅತ್ತೆ ಹಾವೇರಿಗೆ ನೆಂಟರ ಮನೆಗೆ ಹೋಗಿದ್ದರು. ನಾನು ಚಿಪ್ಪು ತೆಗೆದು, ಮಾಂಸವನ್ನು ಮಾತ್ರ ತೆಂಗಿನತುರಿ ಹಾಕಿ ಸುಕ್ಕ ಮಾಡಿದೆ. ಎಸ್ಸೆಸ್ಸೆಲ್ಸಿ ಓದುತ್ತಿದ್ದ ನಾದಿನಿ ಶಾಲೆಯಿಂದ ಹಸಿದು ಬಂದವಳು, "ಭಾಬಿ, ಏನ ಘಮಾ ಐತಿ! ಏನಿದು?" ಎಂದಳು.

ನನ್ನ ಬಾಯಿಂದ, "ಮೀನಿನ ಮೊಟ್ಟೆ" ಎಂದು ಬಂದುಬಿಟ್ಟಿತು.

ಅವಳು ಜೋಳದ ರೊಟ್ಟಿಯ ಜೊತೆ ಎರಡು ಸಲ ಹಾಕಿಸಿಕೊಂಡು ತಿಂದಳು. "ಭಾರಿ ಆಗೈತಿ ಭಾಬಿ" ಎಂದಳು. ನನಗೆ ಆ ಕ್ಷಣ ಗೆದ್ದ ಸಂತೋಷ. ನೋಡಿ, ಇವರಿಗೂ ರುಚಿಯೇ, ಸುಮ್ಮನೆ ಬೇಡ ಎನ್ನುತ್ತಾರೆ ಎಂದು. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನನ್ನು ನಂಬಿ ತಟ್ಟೆ ಒಡ್ಡಿದ ಹುಡುಗಿಗೆ ಸುಳ್ಳು ಹೇಳಿ ಉಣಿಸಿದ್ದೆ. ಬೆಳಿಗ್ಗೆ ಫಜ್ರ್ ಮುಗಿಸಿ ಅವಳ ಹತ್ತಿರ ಹೋಗಿ ನಿಜ ಹೇಳಿದೆ. ಅವಳು ಬೈಯಲಿಲ್ಲ. ಬಚ್ಚಲಿಗೆ ಹೋಗಿ ಬಹಳ ಹೊತ್ತು ಬಾಯಿ ತೊಳೆದಳು. ಆ ನೀರಿನ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಅತ್ತೆ ಊರಿನಿಂದ ಬಂದ ಮೇಲೆ ನಾನೇ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಹೇಳಿದ್ದು ಇಷ್ಟೇ: "ಗೊತ್ತಿಲ್ಲದ ತಿಂದದ್ದು ಆಕಿ ತಪ್ಪಲ್ಲ. ಆದ್ರ ಇನ್ನ ಮ್ಯಾಲ ನಿನ್ನ ಕೈಯಾಗಿಂದು ತಿನ್ನೋಕಿಂತ ಮುಂಚೆ ಆಕಿ ಯೋಚನಿ ಮಾಡೋ ಹಂಗ ಆತಲ್ಲ, ಅದಕ್ಕ ಏನ ಮಾಡ್ತಿ?"

ಅದು ನಿಜವಾಯಿತು. ಎಷ್ಟೋ ತಿಂಗಳು ನಾನು ಏನು ಬಡಿಸಿದರೂ ಅವಳು, "ಭಾಬಿ, ಇದರಾಗ ಏನೈತಿ?" ಎಂದು ಕೇಳಿಯೇ ತುತ್ತು ಎತ್ತುತ್ತಿದ್ದಳು.

ಮಾವ ಮಸೀದಿಯ ಮೌಲಾನಾರ ಬಳಿ ವಿಷಯ ಕೇಳಿ ಬಂದರು. ಅವರು ತಿಳಿಸಿದ್ದನ್ನು ಮಾವ ನನಗೆ ಕುಳ್ಳಿರಿಸಿ ಹೇಳಿದರು. ನೀರಿನ ಜೀವಿಗಳಲ್ಲಿ ಮೀನು ಮಾತ್ರ ತಿನ್ನಬಹುದೆಂದು ಇಮಾಮ್ ಅಬೂ ಹನೀಫಾರ ಅಭಿಪ್ರಾಯ. ಸಿಗಡಿ ಮೀನೋ ಅಲ್ಲವೋ ಎಂಬ ಬಗ್ಗೆ ಹನಫಿ ವಿದ್ವಾಂಸರಲ್ಲೇ ಚರ್ಚೆಯಿದೆ. ಇಮಾಮ್ ಶಾಫಿಯವರ ಮದ್‌ಹಬ್‌ನಲ್ಲಿ ಕಡಲಿನ ಆಹಾರದ ಅನುಮತಿ ಇದಕ್ಕಿಂತ ವಿಶಾಲ. ಅಬೂ ಹನೀಫಾ ಹಿಜರಿ 150ರಲ್ಲಿ, ಅಂದರೆ ಕ್ರಿ.ಶ. 767ರಲ್ಲಿ ತೀರಿಕೊಂಡರು. ಅದೇ ವರ್ಷ ಗಾಝಾದಲ್ಲಿ ಶಾಫಿಯವರು ಹುಟ್ಟಿದರು. ಮುಂದೆ ಅವರು ಅಬೂ ಹನೀಫಾರ ಶಿಷ್ಯರಾದ ಇಮಾಮ್ ಮುಹಮ್ಮದರ ಬಳಿಯೇ ಕಲಿತರು. "ಭಿನ್ನಾಭಿಪ್ರಾಯ ಇದ್ದರೂ ಅವರು ಹಿಂದಿನವರನ್ನ ಗೌರವದಿಂದ ಕಂಡರು. ನಾವು ಒಂದು ಬೋಗಾಣಿ ಸಲುವಾಗಿ ಜಗಳ ಮಾಡೋದಾ?" ಎಂದರು ಮಾವ. "ನೀ ನಿಮ್ಮ ಇಮಾಮರ ಪ್ರಕಾರ ತಿನ್ನು. ಯಾರಿಗೂ ಒತ್ತಾಯ ಮಾಡಬ್ಯಾಡ, ಮುಚ್ಚಿಟ್ಟು ಉಣಿಸಬ್ಯಾಡ."

ಮುಂದಿನ ಚಳಿಗಾಲಕ್ಕೆ ಅತ್ತೆ ಬ್ಯಾಡಗಿಗೆ ಹೋಗಿ ವರ್ಷದ ಮೆಣಸಿನಕಾಯಿ ತಂದರು. ಉದ್ದನೆಯ ಕಡ್ಡಿ ಅಲ್ಲ, ಸುಕ್ಕುಗಟ್ಟಿದ ಡಬ್ಬಿ ಮೆಣಸು. ಆ ಚೀಲದ ಜೊತೆ ಒಂದು ಹೊಸ ಅಲ್ಯೂಮಿನಿಯಂ ಬೋಗಾಣಿಯೂ ಇತ್ತು. ನನ್ನ ಮುಂದಿಟ್ಟು, "ಇದು ನಿನ್ನ ಕಲ್ಲಿನ ಬೋಗಾಣಿ. ಬೇರೆ ಇಟಗೋ. ಮೆಣಸಿನಕಾಯಿ ನಂದು, ಕಲ್ಲು ನಿಂದು" ಎಂದರು. ಬ್ಯಾಡಗಿ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದಾಗ ಪತ್ರಿಕೆಗಳಲ್ಲಿ ಅದರ ಬಣ್ಣವನ್ನು ಹೊಗಳಿ ಬರೆದಿದ್ದರು. ನನಗೆ ಮಾತ್ರ ಆ ಬಣ್ಣ ಎಂದರೆ ಅಂದಿನ ಚೀಲವೇ ನೆನಪಾಗುವುದು.

ಅಂದಿನಿಂದ ಮರುವಾಯಿ ಬಂದ ದಿನ ಅತ್ತೆ ನನ್ನ ಜೊತೆ ಕುಳಿತು ಪುಂಡಿ ಕಟ್ಟುತ್ತಾರೆ. ಅರ್ಧ ಪುಂಡಿ ನನ್ನ ಬೋಗಾಣಿಗೆ, ಇನ್ನರ್ಧ ಅವರ ಕೋಳಿ ಸಾರಿಗೆ. ಇಷ್ಟು ವರ್ಷಗಳಲ್ಲಿ ಅವರು ಒಂದು ಮರುವಾಯಿಯನ್ನೂ ಬಾಯಿಗಿಟ್ಟಿಲ್ಲ. ನಾನೂ ಒಮ್ಮೆಯೂ "ರುಚಿ ನೋಡಿ" ಎಂದಿಲ್ಲ. ಉಮ್ಮ ತೀರಿಕೊಂಡ ಮೇಲೆ ಮರುವಾಯಿ ಬರುವುದು ಅಪರೂಪವಾಯಿತು. ತಮ್ಮ ಗಲ್ಫಿನಲ್ಲಿದ್ದಾನೆ. ಈಗ ಚಳಿಗಾಲ ಬಂದರೆ ಅತ್ತೆಯೇ, "ಉಳ್ಳಾಲಕ್ಕ ಒಂದ್ ಸಲ ಹೋಗಿ ಬಾ ಮಗಳ, ನಿನ್ನ ಕಲ್ಲ ತಗೊಂಡ ಬಾ" ಎನ್ನುತ್ತಾರೆ. ನಾದಿನಿ ದಾವಣಗೆರೆಯಲ್ಲಿದ್ದಾಳೆ. ತವರಿಗೆ ಬಂದಾಗ ನಾನು ಬಡಿಸಿದ್ದನ್ನು ಏನೆಂದು ಕೇಳದೆ ತಿನ್ನುತ್ತಾಳೆ. ಆ ನಂಬಿಕೆ ಮರಳಿ ಸಿಗಲು ನನಗೆ ವರ್ಷಗಳೇ ಬೇಕಾದವು.

ಆ ರಾತ್ರಿ ಮಗಳಿಗೆ ಈ ಕತೆಯನ್ನೆಲ್ಲ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಮರುವಾಯಿ ತಿನ್ನಬಹುದಾ, ತಿನ್ನಬಾರದಾ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಓದಿ ತಿಳಕೊಂಡು ನೀನ ನಿರ್ಧಾರ ಮಾಡು. ತಿಂದ್ರ ನಿಮ್ಮಮ್ಮನ ಬೋಗಾಣ್ಯಾಗ ತಿನ್ನು, ಬ್ಯಾಡಂದ್ರ ನನ್ನ ಬೋಗಾಣ್ಯಾಗ ತಿನ್ನು. ಆದ್ರ ಯಾರಿಗರ ಬಡಿಸುವಾಗ ಅದರ ಖರೇ ಹೆಸರು ಹೇಳಿ ಬಡಸು."

ನಮ್ಮ ಅಡುಗೆಮನೆಯ ಮಾಡಿನಲ್ಲಿ ಆ ಎರಡು ಬೋಗಾಣಿಗಳು ಈಗಲೂ ಅಕ್ಕಪಕ್ಕದಲ್ಲೇ ಇವೆ.