ನಮ್ಮ ಮನೆಯ ಮುಕ್ಕಣ್ಣ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಹಣ ತೆತ್ತು ತಂದ ಯಂತ್ರಗಳಿಗೂ ಸಲ್ಲುತ್ತದೆ. ದುಬಾರಿ ವಸ್ತುವನ್ನು ಕೊಂಡವನು ಅದನ್ನು ಹಳಿದರೆ ತನ್ನ ವಿವೇಕವನ್ನೇ ಹಳಿದುಕೊಂಡಂತಾಗುವುದರಿಂದ, ಅವನ ಹೊಗಳಿಕೆಯಲ್ಲಿ ರೂಪಾಯಿಗೆ ನಾಲ್ಕಾಣೆಯಷ್ಟನ್ನು ಕಳೆದು ಸ್ವೀಕರಿಸುವುದೇ ಜಾಣತನ. ಓದುಗರು ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ವಿನಂತಿ. ಏಕೆಂದರೆ ನಾನು ಹೇಳಹೊರಟಿರುವುದು 2001ರಿಂದ ನನ್ನ ಬಳಿಯಿರುವ ವಿಡಿಯೋ ಕ್ಯಾಮರಾವೊಂದರ ವಿಚಾರ; ಅದರ ಮೇಲೆ ನನಗಿರುವ ಮಮತೆ ಮನೆಮಂದಿಗೆಲ್ಲ ತಿಳಿದದ್ದೇ.

ಅದರ ಪೂರ್ಣ ಹೆಸರು ಸೋನಿ ಡಿಸಿಆರ್-ವಿಎಕ್ಸ್ 2000ಇ. ದುಬೈಯಲ್ಲಿದ್ದ ನನ್ನ ಭಾವ ರಜೆಯಲ್ಲಿ ಊರಿಗೆ ಬರುವಾಗ ನನಗಾಗಿ ತಂದದ್ದು. ಕಾಸರಗೋಡಿನ ಕಡೆಯವರಿಗೆ ಕೊಲ್ಲಿಯ ಬಂಧುಗಳು ತರುವ ವಸ್ತುಗಳ ಮೋಹವನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಇದು ಸುಗಂಧದ್ರವ್ಯದ ಸೀಸೆಯಂತೆ ಉಡುಗೊರೆಯಾಗಿ ಬಂದದ್ದಲ್ಲ. ಆ ವರ್ಷದ ಅಡಿಕೆಯ ಉತ್ಪತ್ತಿಯ ಬಹುಭಾಗ ಅದಕ್ಕೇ ಸಂದಿತು. "ಇಷ್ಟು ಹಣಕ್ಕೆ ಮಗಳಿಗೊಂದು ಸರವಾಗುತ್ತಿತ್ತು" ಎಂದು ಮನೆಯಾಕೆ ಅಂದು ಆಡಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಇದರ ಪೂರ್ವಜನಾದ ವಿಎಕ್ಸ್ 1000 ಮಾರುಕಟ್ಟೆಗೆ ಬಂದದ್ದು 1995ರಲ್ಲಿ. ಗೃಹಸ್ಥರು ಕೊಳ್ಳಬಹುದಾದ ಕ್ಯಾಮರಾದೊಳಗೆ ಟೆಲಿವಿಷನ್ ನಿಲಯಗಳ ಯಂತ್ರಗಳಂತೆ ಮೂರು ಸಿಸಿಡಿಗಳನ್ನಿಟ್ಟು, ಚಿತ್ರವನ್ನು ಅಂಕಿಗಳ ರೂಪದಲ್ಲಿ ಪುಟ್ಟ ಟೇಪಿನ ಮೇಲೆ ಬರೆಯುವ ಏರ್ಪಾಟು ಅದರಲ್ಲಿತ್ತು. ಅಮೆರಿಕದಲ್ಲಿ ಚಕ್ರದ ಹಲಗೆಯ ಮೇಲೆ ನಿಂತು ಬೀದಿಯಲ್ಲಿ ಹಾರಾಡುವ ಹುಡುಗರು ಆ ಕ್ಯಾಮರಾವನ್ನು ಬಹಳ ಮೆಚ್ಚಿಕೊಂಡಿದ್ದರು. 2000ದಲ್ಲಿ ಬಂದ ನನ್ನ ಮಾದರಿಗೆ ವೃತ್ತಿಪರರಿಗಾಗಿಯೇ ಸಿದ್ಧಗೊಂಡ ಪಿಡಿ 150 ಎಂಬ ಒಬ್ಬ ಸೋದರನೂ ಉಂಟು. ಡೇವಿಡ್ ಲಿಂಚ್ ಎಂಬ ಪ್ರಸಿದ್ಧ ನಿರ್ದೇಶಕ 2006ರ ತನ್ನ 'ಇನ್‌ಲ್ಯಾಂಡ್ ಎಂಪೈರ್' ಚಲನಚಿತ್ರವನ್ನು ಚಿತ್ರಿಸಿದ್ದು ಆ ಸೋದರನಿಂದ. ಕುಲಗೋತ್ರಗಳ ವಿಚಾರಣೆ ಇಷ್ಟು ಸಾಕು.

ಮೂರು ಸಿಸಿಡಿಗಳೆಂದರೆ ಮೂರು ಕಣ್ಣುಗಳೆಂದೇ ತಿಳಿಯಬಹುದು. ಮಸೂರದಿಂದ ಒಳಬಂದ ಬೆಳಕನ್ನು ಗಾಜಿನ ಅಶ್ರಗವೊಂದು ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಸೀಳುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಣ್ಣು ಮೀಸಲು. ಅಗ್ಗದ ಕ್ಯಾಮರಾಗಳಲ್ಲಿ ಒಂದೇ ಕಣ್ಣಿನ ಮೇಲೆ ಬಣ್ಣಬಣ್ಣದ ಸೂಕ್ಷ್ಮ ಸೋಸುಗಳನ್ನು ಹರಡಿರುತ್ತಾರೆ. ಅಲ್ಲಿನ ಪ್ರತಿಯೊಂದು ಬಿಂದುವೂ ಒಂದೇ ಬಣ್ಣವನ್ನು ಕಂಡು, ಉಳಿದೆರಡನ್ನು ನೆರೆಹೊರೆಯ ಬಿಂದುಗಳಿಂದ ಊಹಿಸಿಕೊಳ್ಳಬೇಕು. ನಾನು ಇದನ್ನು ವಿವರಿಸುತ್ತಿದ್ದಾಗ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದ ದೊಡ್ಡಪ್ಪ, "ಹಾಗಾದರೆ ಇವನು ಮುಕ್ಕಣ್ಣ" ಎಂದರು. ಅಂದಿನಿಂದ ಅದೇ ಹೆಸರು ನಿಂತಿತು.

ಹಗಲಿನ ಬೆಳಕಿನಲ್ಲಿ ಈ ಮುಕ್ಕಣ್ಣನಿಗೂ ಅವನ ಕಾಲು ಭಾಗದ ಬೆಲೆಯ ಕ್ಯಾಮರಾಗಳಿಗೂ ಅಂಥ ಅಜಗಜಾಂತರವೇನೂ ಕಾಣುವುದಿಲ್ಲ. ಇದು ನನ್ನ ಪ್ರಾಮಾಣಿಕ ಅಭಿಪ್ರಾಯ. ಮದುವೆಯ ಚಪ್ಪರ, ಮಕ್ಕಳ ಆಟ, ಬೇಕಲದ ಕೋಟೆ, ಕಡಲು ಇಷ್ಟನ್ನೇ ಚಿತ್ರಿಸುವವನು ಅಷ್ಟು ಹಣ ತೆರಬೇಕಾದ ಅಗತ್ಯವೇ ಇರಲಿಲ್ಲ. ಅವನ ಯೋಗ್ಯತೆ ತಿಳಿಯುವುದು ಇರುಳಿನಲ್ಲಿ. ಅದರಲ್ಲಿಯೂ ಬಯಲಾಟದ ಇರುಳಿನಲ್ಲಿ.

ತೆಂಕುತಿಟ್ಟಿನ ಬಣ್ಣದ ವೇಷವನ್ನು ಕಂಡವರಿಗೆ ಅದರ ಮುಖವರ್ಣಿಕೆಯ ಸೊಗಸು ಗೊತ್ತು. ಅಕ್ಕಿಹಿಟ್ಟು ಸುಣ್ಣಗಳ ಬಿಳಿಯ ಚುಟ್ಟಿ ಮುಳ್ಳುಮುಳ್ಳಾಗಿ ಎದ್ದಿರುತ್ತದೆ. ಅದರ ಸುತ್ತ ಕೆಂಪು, ಕಪ್ಪು. ಒಕ್ಕಣ್ಣಿನ ಕ್ಯಾಮರಾಗಳಿಗೆ ಈ ಕೆಂಪೇ ಕಂಟಕ. ಅದು ತನ್ನ ಗೆರೆಯನ್ನು ಮೀರಿ ಪಕ್ಕದ ಬಿಳಿಯ ಮೇಲೆ ಹರಡಿಕೊಳ್ಳುತ್ತದೆ, ಕತ್ತಲೆಯ ಭಾಗವೆಲ್ಲ ಇರುವೆ ಮುತ್ತಿದಂತೆ ಕದಡುತ್ತದೆ. ಮುಕ್ಕಣ್ಣನ ಚಿತ್ರದಲ್ಲಿ ಚುಟ್ಟಿಯ ಸಾಲನ್ನು ಎಣಿಸಬಹುದು. ಕಪ್ಪು ಕಪ್ಪಾಗಿಯೇ ಇರುತ್ತದೆ.

ಇನ್ನು ಬಣ್ಣದ ವೇಷದ ಪ್ರವೇಶ. ತೆರೆಯ ಹಿಂದಿನ ಅಬ್ಬರ, ದೀವಟಿಗೆಗೆ ಎರಚುವ ರಾಳದ ಪುಡಿ, ಭಗ್ಗೆಂದು ಮೇಲೇಳುವ ಉರಿ. ತನ್ನಷ್ಟಕ್ಕೆ ಬೆಳಕನ್ನು ಹೊಂದಿಸಿಕೊಳ್ಳುವ ಯಾವ ಕ್ಯಾಮರಾವೂ ಈ ಉರಿಗೆ ಬೆಚ್ಚಿ ಕಣ್ಣು ಮುಚ್ಚಿಕೊಳ್ಳುತ್ತದೆ. ಉರಿ ಆರಿದ ಮೇಲೆ ಕಣ್ಣು ತೆರೆಯುವ ವೇಳೆಗೆ ರಕ್ಕಸ ರಂಗಸ್ಥಳದ ನಡುವೆ ಬಂದು ನಿಂತಿರುತ್ತಾನೆ. ನನ್ನ ಯಂತ್ರದಲ್ಲಿ ಮಸೂರದ ದ್ವಾರ, ಶಟರಿನ ವೇಗ, ಗೇನ್ ಎಂಬ ವರ್ಧನೆ ಈ ಮೂರನ್ನೂ ಬೇರೆಬೇರೆಯಾಗಿ ಕೈಯಿಂದಲೇ ನಿಲ್ಲಿಸಬಹುದು. ಮುಖಕ್ಕೆ ತಕ್ಕಷ್ಟು ದ್ವಾರವನ್ನು ತೆರೆದಿಟ್ಟು ಸುಮ್ಮನಿದ್ದರೆ, ಉರಿಯು ಒಂದು ಕ್ಷಣ ಚಿತ್ರವನ್ನೆಲ್ಲ ಬೆಳಗಿಸಿ ತಣಿಯುತ್ತದೆ, ರಂಗಸ್ಥಳದೆದುರಿನ ಚಾಪೆಯಲ್ಲಿ ಕುಳಿತವನ ಕಣ್ಣಿಗೆ ಆಗುವಂತೆಯೇ. ವರ್ಧನೆಯನ್ನು 18 ಡೆಸಿಬಲ್‌ವರೆಗೆ ಏರಿಸಬಹುದಾದರೂ ನಾನು ಅದನ್ನು ತೀರ ಅಪರೂಪವಾಗಿ ಬಳಸಿದ್ದೇನೆ. ಇರುಳನ್ನು ಹಗಲು ಮಾಡುವ ಚಪಲ ಬಯಲಾಟಕ್ಕೆ ಒಗ್ಗುವುದಿಲ್ಲ.

ಧ್ವನಿಯ ವಿಷಯದಲ್ಲಿಯೂ ಇದೇ ನ್ಯಾಯ. ಚೆಂಡೆಯ ಮೊದಲ ಪೆಟ್ಟಿಗೆ ಸ್ವಯಂಚಾಲಿತ ಯಂತ್ರ ಗಾಬರಿಯಿಂದ ಶಬ್ದವನ್ನು ತಗ್ಗಿಸುತ್ತದೆ. ಆ ಭರದಲ್ಲಿ ಭಾಗವತರ ಸ್ವರವೂ ಬಾವಿಗೆ ಬಿದ್ದಂತಾಗಿ, ಮೆಲ್ಲಮೆಲ್ಲನೆ ಮೇಲೆ ಬರುತ್ತದೆ. ಮುಕ್ಕಣ್ಣನಲ್ಲಿ ಧ್ವನಿಯ ಮಟ್ಟವನ್ನು ಕೈಯಿಂದ ಹೊಂದಿಸಲು ಸಾಧ್ಯವಿದ್ದುದರಿಂದ ಪದವೂ ಪೆಟ್ಟೂ ತಮ್ಮತಮ್ಮ ಜಾಗದಲ್ಲಿ ಉಳಿದವು. ಹೊರಗಿನ ಮೈಕಿಗೆ ಇರುವುದು ಮಾತ್ರ ಬಡಪಾಯಿ ರೇಡಿಯೋಗಳಲ್ಲಿರುವಂಥ ಸಣ್ಣ ತೂತು. ವೃತ್ತಿಪರರ ದಪ್ಪ ತಂತಿ ಬೇಕೆಂದರೆ ಸೋದರನನ್ನೇ ಕೊಳ್ಳಬೇಕಿತ್ತು.

ಕೊರತೆಗಳನ್ನು ಹೇಳದೆ ಬಿಟ್ಟರೆ ನಾಲ್ಕಾಣೆಯಲ್ಲ, ಎಂಟಾಣೆ ಕಳೆಯಬೇಕಾದೀತು. ಕಣ್ಣುಕುಕ್ಕುವ ದೀಪವೊಂದು ಚಿತ್ರದೊಳಗೆ ಬಂದರೆ ಅದರ ಮೇಲೂ ಕೆಳಗೂ ಬಿಳಿಯ ಪಟ್ಟೆಯೊಂದು ಎಳೆದಂತೆ ಮೂಡುವುದು ಸಿಸಿಡಿ ಜಾತಿಗೇ ಅಂಟಿದ ದೋಷ. ದೃಷ್ಟಿ ಹೊಂದಿಸುವ ಬಳೆಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಎಷ್ಟು ತಿರುಗಿಸಿದರೂ ಸುತ್ತುತ್ತಲೇ ಇರುತ್ತದೆ. ಹಳೆಯ ಸ್ಟಿಲ್ ಕ್ಯಾಮರಾಗಳಲ್ಲಿ ಪಳಗಿದ ಬೆರಳುಗಳಿಗೆ ಇದು ಒಗ್ಗಲು ತಿಂಗಳುಗಳೇ ಬೇಕಾದವು. ಎಲ್ಲಕ್ಕಿಂತ ದೊಡ್ಡ ಶತ್ರುವೆಂದರೆ ನಮ್ಮ ಮಳೆಗಾಲ. ತಲೆಯ ಉರುಳೆಯ ಮೇಲೆ ತೇವ ಕಟ್ಟಿತೆಂದರೆ ಕ್ಯಾಮರಾ ಹನಿಯ ಗುರುತು ತೋರಿಸಿ ಮುಷ್ಕರ ಹೂಡುತ್ತದೆ. ಬಾಗಿಲು ತೆರೆದಿಟ್ಟು ಗಂಟೆಯ ಕಾಲ ಕಾಯುವುದಲ್ಲದೆ ಬೇರೆ ಉಪಾಯವಿಲ್ಲ. ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಡಬ್ಬದಲ್ಲಿಟ್ಟು ಸಾಕಿದೆ. ಬಾಣಂತಿಗೂ ಇಷ್ಟು ಆರೈಕೆ ಆಗಿರಲಿಲ್ಲವೆಂದು ಮನೆಯಾಕೆಯ ಆಕ್ಷೇಪ.

2004ರಲ್ಲಿ ಅದೇ ಕಂಪೆನಿ ಎಫ್‌ಎಕ್ಸ್ 1 ಎಂಬ ಹೊಸ ಮಾದರಿಯನ್ನು ಹೊರತಂದಿತು. ಅಂಥದೇ ಟೇಪಿನ ಮೇಲೆ 576 ಗೆರೆಗಳ ಬದಲು 1080 ಗೆರೆಗಳ ಚಿತ್ರ. ಭಾವ ಫೋನಿನಲ್ಲಿ ಆಸೆ ಹಚ್ಚಿದರು. ಆದರೆ ಮಂದ ಬೆಳಕಿನಲ್ಲಿ ಹಳೆಯದರ ಕಣ್ಣೇ ಚುರುಕೆಂಬುದು ಬಲ್ಲವರೆಲ್ಲರ ಅಭಿಪ್ರಾಯವಾಗಿದ್ದುದರಿಂದ ನಾನು ಮನಸ್ಸು ಮಾಡಲಿಲ್ಲ. ಈಗ ಸೋದರಳಿಯನ ಜೇಬಿನ ಫೋನು ಸೆರೆಹಿಡಿಯುವ ಚಿತ್ರದಲ್ಲಿ 82,94,400 ಬಿಂದುಗಳು. ಮುಕ್ಕಣ್ಣನ ಚಿತ್ರದಲ್ಲಿರುವುದು 4,14,720. ಸರಿಯಾಗಿ ಇಪ್ಪತ್ತು ಪಟ್ಟು. ಈ ಗಣಿತದ ಮುಂದೆ ವಾದ ಹೂಡುವುದು ವ್ಯರ್ಥ, ನಾನು ಹೂಡುವುದೂ ಇಲ್ಲ. ಫೋನು ಇಂದಿನದನ್ನು ಚೆನ್ನಾಗಿ ಹಿಡಿಯುತ್ತದೆ. ನನಗೆ ಬೇಕಾದವರು ಅದರ ಕಾಲಕ್ಕೆ ಉಳಿದಿರಲಿಲ್ಲ.

ದೊಡ್ಡಪ್ಪ ಹವ್ಯಾಸಿ ಅರ್ಥಧಾರಿಗಳು. ಮೇಳಕಟ್ಟಿ ತಿರುಗಿದವರಲ್ಲ; ತೋಟದ ಕೆಲಸ ಮುಗಿಸಿ, ಮಿಂದು, ಶಾಲು ಹೊದ್ದು ತಾಳಮದ್ದಳೆಗೆ ಹೋಗಿ ಕುಳಿತುಕೊಳ್ಳುತ್ತಿದ್ದವರು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಾಗ ಅವರು ಶಾಲೆ ಬಿಟ್ಟು ಕೆಲವೇ ವರ್ಷಗಳಾಗಿದ್ದವು. ಅವರ ವಾಲಿ, ಅವರ ಕರ್ಣ, ಅವರ ಶಲ್ಯ ಆಡುತ್ತಿದ್ದ ಕನ್ನಡವು ಪುಸ್ತಕದ್ದೂ ಅಲ್ಲ, ಬೀದಿಯದೂ ಅಲ್ಲ. ಅದು ಆ ಚಾವಡಿಯಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುತ್ತಿತ್ತು. ಬರೆದಿಟ್ಟದ್ದು ಒಂದು ಸಾಲೂ ಇಲ್ಲ. 2009ರಲ್ಲಿ ಅವರು ತೀರಿಕೊಂಡರು. ನನ್ನ 140 ಟೇಪುಗಳಲ್ಲಿ ಇಪ್ಪತ್ತಮೂರು ಅವರವು.

ಈ ಟೇಪಿನ ಸ್ವರೂಪವನ್ನು ತಿಳಿದಾಗಿನಿಂದ ನನಗೆ ನಿದ್ದೆ ಕಡಿಮೆಯಾಗಿದೆ. ಅದರ ಅಗಲ ಕಾಲು ಅಂಗುಲ. ನಿಮಿಷಕ್ಕೆ 9000 ಸುತ್ತು ತಿರುಗುವ ಉರುಳೆಯೊಂದು ಅದರ ಮೇಲೆ ಓರೆಯಾಗಿ ಗೆರೆ ಎಳೆಯುತ್ತದೆ. ಒಂದು ಚಿತ್ರಕ್ಕೆ 12 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಒಂದೊಂದು ಗೆರೆಯ ಅಗಲ ಮಿಲಿಮೀಟರಿನ ನೂರನೆಯ ಒಂದು ಪಾಲು. ಅಷ್ಟು ಸಣ್ಣ ಜಾಡಿನಲ್ಲಿ ಒಂದು ಧೂಳಿನ ಕಣ, ಒಂದು ಬೂಷ್ಟಿನ ಚುಕ್ಕೆ ಕುಳಿತರೆ ದೊಡ್ಡಪ್ಪನ ಮುಖ ಚೌಕಚೌಕವಾಗಿ ಒಡೆಯುತ್ತದೆ, ಮಾತು ನಿಲ್ಲುತ್ತದೆ. ಟೇಪು ನೆಟ್ಟಗಿದ್ದರೂ ಓದುವ ಯಂತ್ರ ಬೇಕು. ಅಂಥ ಯಂತ್ರಗಳನ್ನು ಈಗ ಯಾರೂ ಮಾಡುವುದಿಲ್ಲ. ಬಿಡಿಭಾಗ ದೊರೆಯುವುದು ದುರ್ಲಭ. ವಿನೋದವೆಂದರೆ, ಅದರ ಬ್ಯಾಟರಿಯ ಮಾದರಿ ಮಾತ್ರ ಇಂದಿಗೂ ಎಲ್ಲೆಡೆ ಸಿಗುತ್ತದೆ, ಮದುವೆಯ ಫೋಟೋದವರು ಎಲ್‌ಇಡಿ ದೀಪಗಳಿಗೆ ಅದನ್ನೇ ಸಿಕ್ಕಿಸುತ್ತಾರೆ.

ಆದುದರಿಂದ ಮುಕ್ಕಣ್ಣ ಈಗ ಚಿತ್ರ ತೆಗೆಯುವುದನ್ನು ಬಿಟ್ಟಿದ್ದಾನೆ. ತಲೆಯ ಉರುಳೆಯಲ್ಲಿ ಉಳಿದಿರುವ ಆಯುಸ್ಸನ್ನೆಲ್ಲ ಓದುವುದಕ್ಕೇ ಮೀಸಲಿಟ್ಟಿದ್ದೇನೆ. ಹೊಸ ಗಣಕಗಳಲ್ಲಿ ಫೈರ್‌ವೈರ್ ಎಂಬ ಆ ಹಳೆಯ ಕಿಂಡಿಯಿಲ್ಲ. ಅದಿರುವ ಹಳೆಯ ಗಣಕವೊಂದನ್ನು ಸೋದರಳಿಯ ಹುಡುಕಿ ತಂದುಕೊಟ್ಟ. ಒಂದು ಗಂಟೆಯ ಟೇಪು ಒಳಗಿಳಿಯಲು ಒಂದು ಗಂಟೆಯೇ ಬೇಕು, ಅವಸರಕ್ಕೆ ಅಲ್ಲಿ ಸ್ಥಾನವಿಲ್ಲ. ಒಂದೊಂದಕ್ಕೆ ಸುಮಾರು 13 ಗಿಗಾಬೈಟಿನಂತೆ ನೂರನಲವತ್ತೂ ಸೇರಿ ಅಂಗೈಯಗಲದ ಒಂದು ಡಿಸ್ಕಿನೊಳಗೆ ಕುಳಿತುಕೊಳ್ಳುತ್ತವೆ. ಮಲಯಾಳ ಮಾಧ್ಯಮದಲ್ಲಿ ಓದುತ್ತಿರುವ ಮೊಮ್ಮಗಳು ಕೆಲವೊಮ್ಮೆ ಪಕ್ಕದಲ್ಲಿ ಬಂದು ಕೂರುತ್ತಾಳೆ. "ಅಜ್ಜ, ಮಾರ್ಮಲೆಯುವುದು ಎಂದರೇನು?" ಎಂದು ಕೇಳುತ್ತಾಳೆ. ನಾನು ಟೇಪು ನಿಲ್ಲಿಸುವಂತಿಲ್ಲ. ಅದು ಓಡುತ್ತಿರುವಾಗಲೇ ಪಿಸುದನಿಯಲ್ಲಿ ಹೇಳಬೇಕು.

ಮೊದಲು ದೊಡ್ಡಪ್ಪನ ಇಪ್ಪತ್ತಮೂರನ್ನು ಇಳಿಸಿದೆ. ಎರಡರಲ್ಲಿ ಅಲ್ಲಲ್ಲಿ ಮುಖ ಒಡೆದಿದೆ, ಉಳಿದವು ಕ್ಷೇಮ. 'ವಾಲಿವಧೆ'ಯ ಟೇಪಿನ ಕೊನೆಯಲ್ಲಿ, ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಮರಳಿ ಪ್ರಶ್ನಿಸುತ್ತಿರುವಾಗ ಅರುವತ್ತು ನಿಮಿಷ ತುಂಬಿ ಮಾತು ನಡುವೆಯೇ ನಿಲ್ಲುತ್ತದೆ. ಹೊಸ ಟೇಪು ತುಂಬಿಸಿ ಮುಚ್ಚಳ ಹಾಕುವ ಹೊತ್ತಿಗೆ ರಾಮ ಉತ್ತರ ಹೇಳಲು ತೊಡಗಿದ್ದ. ಅಂದು ಚಾವಡಿಯಲ್ಲಿದ್ದವರಲ್ಲಿ ಈಗ ಉಳಿದಿರುವುದು ಅತ್ತಿಗೆ ಮತ್ತು ಮದ್ದಳೆ ಬಾರಿಸಿದವರು. ಆ ಪ್ರಶ್ನೆ ಏನಿತ್ತೆಂದು ಕೇಳಿದರೆ ಇಬ್ಬರೂ ಬೇರೆಬೇರೆಯಾಗಿ ಹೇಳುತ್ತಾರೆ. ಎರಡನ್ನೂ ಟೇಪಿನ ಡಬ್ಬದೊಳಗೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ.

ಇನ್ನು ಐವತ್ತೊಂದು ಟೇಪುಗಳು ಬಾಕಿಯಿವೆ. ಮಳೆ ಹಿಡಿಯುವ ಮುನ್ನ ದಿನಕ್ಕೆ ಎರಡರಂತೆ ಮುಗಿಸಬೇಕು.