ಹುಲಕೋಟಿಯ ದಾರಿ, ಕಾರ್ಬುರೇಟರಿನ ಪಾಠ

ಗದಗಿನಿಂದ ಹುಬ್ಬಳ್ಳಿಯ ಕಡೆ ಹೊರಟರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಹುಲಕೋಟಿ. ಸುತ್ತಲೂ ಹತ್ತಿ, ಕಡಲೆ, ಜೋಳ ಬೆಳೆಯುವ ಎರೆಹೊಲ. ಶಿಲ್ಪಕಲೆ ಬೇಕೆನ್ನುವವರು ಗದಗಿನ ತ್ರಿಕೂಟೇಶ್ವರಕ್ಕೋ ಲಕ್ಕುಂಡಿಗೋ ಹೋಗಲಿ. ಹುಲಕೋಟಿಯಲ್ಲಿ ನೋಡಬೇಕಾದದ್ದು ಜನ ಕೂಡಿ ಕಟ್ಟಿದ್ದನ್ನು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇದೇ ತಾಲ್ಲೂಕಿನದು. ಅದೇ ಹಾದಿಯಲ್ಲಿ ನಡೆದವರು ಹುಲಕೋಟಿಯ ಕೆ.ಎಚ್. ಪಾಟೀಲರು. ಈ ಹಳ್ಳಿಗೆ ಸಹಕಾರಿ ಜವಳಿ ಗಿರಣಿ ಬಂತು, ಕೃಷಿ ವಿಜ್ಞಾನ ಕೇಂದ್ರ ಬಂತು, ಇಂಜಿನಿಯರಿಂಗ್ ಕಾಲೇಜೂ ಬಂತು.

ಬೇಸಿಗೆಯಲ್ಲಿ ಇಲ್ಲಿ ಏಳುವ ಧೂಳು ಹಳೆಯ ಪ್ರೀಮಿಯರ್ ಪದ್ಮಿನಿಯಂಥ ಕಾರಿಗೆ ನಿಜವಾದ ಪರೀಕ್ಷೆ. ಫಿಯೆಟ್ 1100ರ ಕುಲದ ಈ ಕಾರಿನ ಇಂಜಿನ್ 1,089 ಸಿ.ಸಿ.ಯದು. ಮದ್ರಾಸಿನ ಹತ್ತಿರದ ಶೋಳಾವರಂ ರೇಸಿನಲ್ಲಿ ಫಿಯೆಟ್‌ಗಳು ಓಡಿದ್ದುಂಟು. ಧೂಳು ತುಂಬಿ ಏರ್ ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾಗುತ್ತದೆ. ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಕಿಸೆಗೆ ಕತ್ತರಿ.

ಕಾರ್ಬುರೇಟರಿನ ಗುಟ್ಟು ವಿದ್ಯಾರ್ಥಿಗಳು ಓದುವ ಬರ್ನೂಲಿಯ ತತ್ವವೇ. ಕಿರಿದಾದ ಗಂಟಲಿನಲ್ಲಿ ಗಾಳಿ ವೇಗವಾಗಿ ನುಗ್ಗುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಸಣ್ಣ ಜೆಟ್ಟಿನಿಂದ ಪೆಟ್ರೋಲ್ ಮೇಲೇಳುತ್ತದೆ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು.

ಹೊಸದನ್ನು ಕೂರಿಸುವಾಗ ಇಂಜಿನ್ ತಣ್ಣಗಿರಲಿ, ಬ್ಯಾಟರಿಯ ತಂತಿ ಬಿಚ್ಚಿರಲಿ, ಹತ್ತಿರ ಬೀಡಿಯ ಕಿಡಿಯೂ ಬೇಡ. ಪೆಟ್ರೋಲ್ ಪೈಪು, ಚೋಕಿನ ತಂತಿ, ಆಕ್ಸಿಲರೇಟರ್ ಸರಳು ಬಿಚ್ಚಿ, ನಟ್ಟು ಸಡಿಲಿಸಿ ಹಳೆಯದನ್ನು ಎತ್ತಬೇಕು. ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದರೆ ಸಂದಿಯಲ್ಲಿ ಗಾಳಿ ಸೇರಿ ಎಷ್ಟು ಟ್ಯೂನ್ ಮಾಡಿದರೂ ನಿಲ್ಲದು.

ಟ್ಯೂನಿಂಗ್ ಮಾತ್ರ ಇಂಜಿನ್ ಬಿಸಿಯಾದ ಮೇಲೆ. ಅದಕ್ಕೆ ಮುಂಚೆ ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಸುಮಾರು ಒಂದೂವರೆ ಸುತ್ತು ಹೊರಗೆ ತರುತ್ತಾರೆ. ಆಮೇಲೆ ಕಿವಿಯದೇ ಕೆಲಸ: ಇಂಜಿನ್ ಹೆಚ್ಚು ವೇಗವಾಗಿ, ನಯವಾಗಿ ತಿರುಗುವ ಜಾಗ ಹುಡುಕಿ, ನಂತರ ಐಡಲ್ ಸ್ಕ್ರೂನಿಂದ ವೇಗ ಇಳಿಸುವುದು. ಓಡಿಸಿ ಬಂದು ಪ್ಲಗ್ ನೋಡಿದರೆ ತೀರ್ಪು ಸಿಗುತ್ತದೆ: ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಬಿಸ್ಕತ್ತಿನ ಬಣ್ಣವಿದ್ದರೆ ಸರಿ.

ಎಂ.ಜಿ.ಯಂಥ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಎರಡು ಎಸ್‌.ಯು. ಕಾರ್ಬುರೇಟರು. ರಬ್ಬರ್ ನಳಿಗೆ ಕಿವಿಗಿಟ್ಟು ಎರಡರ ಉಸಿರೂ ಒಂದೇ ಆಗುವವರೆಗೆ ಹೊಂದಿಸಬೇಕು. ನೊಗದ ಜೋಡೆತ್ತಿನಂತೆ, ಒಂದು ಎಳೆದು ಇನ್ನೊಂದು ನಿಂತರೆ ಬಂಡಿ ಸಾಗದು. ಹುಲಕೋಟಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲೂ ಕಾರ್ಬುರೇಟರ್ ಬಹುಮಟ್ಟಿಗೆ ಮಾಯವಾಯಿತು. ಪೆಟ್ರೋಲನ್ನು ಅಳೆಯುವುದು ಈಗ ಕಂಪ್ಯೂಟರು. ಹೊಗೆ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಕಿವಿಯಿಂದ, ಪ್ಲಗ್ಗಿನ ಬಣ್ಣದಿಂದ ರೋಗ ಹಿಡಿಯುವ ಮಿಸ್ತ್ರಿಗಳ ವಿದ್ಯೆ ಅವರೊಂದಿಗೇ ಮುಗಿದೀತು. ಮನೆಯ ಮೂಲೆಯಲ್ಲಿ ಹಳೆಯ ಬೈಕು ನಿಂತಿದ್ದರೆ, ಪಾಲಕರೇ, ಗುಜರಿಗೆ ಹಾಕುವ ಮುಂಚೆ ಒಂದು ರವಿವಾರ ಮಗನನ್ನೋ ಮಗಳನ್ನೋ ಬಲ್ಲ ಮಿಸ್ತ್ರಿಯೊಬ್ಬರ ಪಕ್ಕ ಕೂರಿಸಿ. ಪುಸ್ತಕದ ಬರ್ನೂಲಿ ಅಲ್ಲಿ ಕೈಗೆ ಸಿಗುತ್ತಾನೆ.